ಟೈಮ್‌ಶೇರ್ ವಾರವನ್ನು ಆನ್‌ಲೈನ್‌ನಲ್ಲಿ ಬಾಡಿಗೆಗೆ ಕೊಡುವ ಬಗೆ

ಟೈಮ್‌ಶೇರ್, ಅಂದರೆ ಒಂದು ರೆಸಾರ್ಟ್‌ನಲ್ಲಿ ವರ್ಷಕ್ಕೆ ಒಂದು ವಾರದಂತೆ ಇರುವ ಹಕ್ಕು, ಕೊಂಡಿಟ್ಟುಕೊಂಡವರಿಗೆಲ್ಲ ಈ ಸಂಕಟ ಗೊತ್ತು. ರೆಸಾರ್ಟ್‌ಗೆ ವರ್ಷ ವರ್ಷ ಕಟ್ಟುವ ಮೇಂಟೆನೆನ್ಸ್ ಬಿಲ್ ಬಂದಿದೆ, ಕಟ್ಟಿಯೂ ಆಗಿದೆ. ಆದರೆ ಈ ವರ್ಷ ಹೋಗಲು ಆಗುವುದಿಲ್ಲ. ಮಕ್ಕಳ ಪರೀಕ್ಷೆ, ಮನೆಯಲ್ಲಿ ಹುಷಾರಿಲ್ಲದವರು, ರಜೆ ಕೊಡದ ಆಫೀಸು, ಏನೋ ಒಂದು. ವಾರ ಬರುತ್ತದೆ, ಹೋಗುತ್ತದೆ. ಖಾಲಿ ಬಿದ್ದ ಕೋಣೆಗೆ ನೀವು ಪೂರ್ತಿ ದುಡ್ಡು ಕೊಟ್ಟಿರುತ್ತೀರಿ.

ಎರಡು ವರ್ಷ ನಾನೂ ಹೀಗೇ ವಾರವನ್ನು ಕೈಬಿಟ್ಟೆ. ಮೂರನೇ ವರ್ಷ ಬಾಡಿಗೆಗೆ ಕೊಟ್ಟೆ. ಆಗ ಒಂದು ವಿಷಯ ಸರಿಯಾಗಿ ಅರ್ಥವಾಯಿತು. ಬಾಡಿಗೆ ಮನೆಯ ಮಾಲೀಕರ ಹತ್ತಿರ ಬೀಗದ ಕೈ ಇರುತ್ತದೆ. ನಮ್ಮ ಹತ್ತಿರ ಅದೂ ಇಲ್ಲ. ನಮ್ಮದು ಅಂತ ಇರುವುದು ರೆಸಾರ್ಟ್‌ನ ಬುಕಿಂಗ್ ಪುಸ್ತಕದಲ್ಲಿ ಒಂದು ಸಾಲು ಮಾತ್ರ. ಆ ಸಾಲಿನಲ್ಲಿ ನಮ್ಮ ಹೆಸರಿನ ಜಾಗಕ್ಕೆ ಇನ್ನೊಬ್ಬರ ಹೆಸರು ಬರಬೇಕು. ಅದು ಸರಿಯಾಗಿ ಬಂದರೆ ವ್ಯವಹಾರ ಸುಸೂತ್ರ. ಬರದಿದ್ದರೆ, ಮಕ್ಕಳು ಮರಿ ಸೂಟ್‌ಕೇಸು ಸಮೇತ ಬಂದ ಒಂದು ಕುಟುಂಬ ರಿಸೆಪ್ಷನ್ ಮುಂದೆ ನಿಂತಿರುತ್ತದೆ, ಅವರಿಗೆ ಕೋಣೆ ಇರುವುದಿಲ್ಲ. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಆ ಒಂದು ಸಾಲಿನ ಸುತ್ತಲೇ ಇವೆ.

ಮೊದಲು ನಿಮ್ಮ ಕೈಯಲ್ಲಿ ಏನಿದೆ ಅಂತ ನೋಡಿಕೊಳ್ಳಿ

ಕರಾರು ಪತ್ರ, ಸದಸ್ಯತ್ವದ ನಿಯಮಗಳು, ಎರಡನ್ನೂ ತೆಗೆದು ಓದಿ. ಬೇಜಾರಿನ ಕೆಲಸ ನಿಜ, ಆದರೆ ತಳಪಾಯ ಇದೇ.

ಟೈಮ್‌ಶೇರ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಫಿಕ್ಸೆಡ್ ವೀಕ್ ಆದರೆ ಪ್ರತಿ ವರ್ಷ ಅದೇ ವಾರ, ಎಷ್ಟೋ ಸಲ ಅದೇ ಕೋಣೆ. ಫ್ಲೋಟಿಂಗ್ ವೀಕ್ ಆದರೆ ಒಂದು ಸೀಸನ್‌ನೊಳಗೆ ನಿಮಗೆ ಬೇಕಾದ ವಾರವನ್ನು ಪ್ರತಿ ವರ್ಷ ಹೊಸದಾಗಿ ಬುಕ್ ಮಾಡಿಕೊಳ್ಳಬೇಕು. ಪಾಯಿಂಟ್ಸ್ ಆದರೆ ಇಂಥದೇ ವಾರ ಅಂತ ಇರುವುದಿಲ್ಲ, ಪಾಯಿಂಟ್ ಖರ್ಚು ಮಾಡಿ ರಾತ್ರಿಗಳನ್ನು ಪಡೆಯಬೇಕು. ಫಿಕ್ಸೆಡ್ ವೀಕ್ ಇದ್ದವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದವರು ಮೊದಲು ಬುಕ್ ಮಾಡಬೇಕು, ಜಾಹೀರಾತು ಆಮೇಲೆ.

ನಂತರ ರೆಸಾರ್ಟ್‌ಗೆ ಫೋನ್ ಮಾಡಿ. ಬೇರೆಯವರ ಹೆಸರಿಗೆ ಬುಕಿಂಗ್ ಬದಲಾಯಿಸಬಹುದಾ? ಅದಕ್ಕೆ ಶುಲ್ಕ ಎಷ್ಟು? ಚೆಕ್-ಇನ್‌ಗೆ ಎಷ್ಟು ದಿನ ಮುಂಚೆ ಹೆಸರು ಕೊಡಬೇಕು? ಅತಿಥಿಗೆ ಕನಿಷ್ಠ ವಯಸ್ಸು ಎಷ್ಟು? ಕೆಲವು ಕಡೆ 18 ಸಾಕು, ಕೆಲವು ಕಡೆ 21, ಕೆಲವು ಕಡೆ 25. ಮಾಲೀಕರು ಉಪಯೋಗಿಸುವ ಈಜುಕೊಳ, ಪಾರ್ಕಿಂಗ್, ವೈಫೈ ಬಾಡಿಗೆಗೆ ಬಂದ ಅತಿಥಿಗೂ ಸಿಗುತ್ತವಾ, ಅಥವಾ ಬೇರೆ ದುಡ್ಡು ಕೊಡಬೇಕಾ? ಉತ್ತರಗಳನ್ನು ಈಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನ್‌ನಲ್ಲಿ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಮೇಂಟೆನೆನ್ಸ್ ಬಾಕಿ ಇದೆಯಾ ಅಂತಲೂ ನೋಡಿ. ಬಾಕಿ ಇದ್ದರೆ ಎಷ್ಟೋ ರೆಸಾರ್ಟ್‌ಗಳು ಬುಕಿಂಗನ್ನೇ ತಡೆಹಿಡಿಯುತ್ತವೆ. ಬಾಡಿಗೆ ಬಂದ ಮೇಲೆ ಬಿಲ್ ಕಟ್ಟೋಣ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ವಿನಿಮಯದಲ್ಲಿ ಸಿಕ್ಕ ವಾರದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಒಂದೇ ಜಾಗಕ್ಕೆ ಪ್ರತಿ ವರ್ಷ ಹೋಗಲು ಇಷ್ಟವಿಲ್ಲದ ಮಾಲೀಕರಿಗಾಗಿ 1974ರಲ್ಲಿ ಆರ್‌ಸಿಐ, 1976ರಲ್ಲಿ ಇಂಟರ್‌ವಲ್ ಇಂಟರ್‌ನ್ಯಾಷನಲ್ ಎಂಬ ವಿನಿಮಯ ಕಂಪನಿಗಳು ಶುರುವಾದವು. ನಿಮ್ಮ ವಾರವನ್ನು ಅಲ್ಲಿ ಜಮೆ ಮಾಡಿ ಬೇರೆ ರೆಸಾರ್ಟ್‌ನ ವಾರ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡ ವಾರವನ್ನು ಬಾಡಿಗೆಗೆ ಕೊಡುವಂತಿಲ್ಲ, ಇಬ್ಬರ ನಿಯಮವೂ ಅದೇ. ಗೆಳೆಯರಿಗೆ ಉಡುಗೊರೆಯಾಗಿ ಕೊಡಬಹುದು, ದುಡ್ಡಿಗೆ ಕೊಟ್ಟು ಸಿಕ್ಕಿಬಿದ್ದರೆ ಬುಕಿಂಗ್ ರದ್ದಾಗಬಹುದು, ಸದಸ್ಯತ್ವಕ್ಕೂ ಕುತ್ತು ಬರಬಹುದು. ಅದಕ್ಕಿಂತ ದೊಡ್ಡ ನಷ್ಟ ನಿಮ್ಮನ್ನು ನಂಬಿ ದುಡ್ಡು ಕೊಟ್ಟವರದು. ದಯವಿಟ್ಟು ಆ ದಾರಿಗೆ ಹೋಗಬೇಡಿ.

ಪಾಯಿಂಟ್ಸ್ ಕ್ಲಬ್‌ಗಳಲ್ಲಿ ಇನ್ನೊಂದು ಗೆರೆ ಇದೆ. ಉದಾಹರಣೆಗೆ ಡಿಸ್ನಿ ವೆಕೇಶನ್ ಕ್ಲಬ್‌ನಲ್ಲಿ ಸದಸ್ಯರು ಆಗೊಮ್ಮೆ ಈಗೊಮ್ಮೆ ಬಾಡಿಗೆಗೆ ಕೊಡಬಹುದು, ಅದನ್ನೇ ವ್ಯಾಪಾರ ಮಾಡಿಕೊಳ್ಳುವ ಹಾಗಿಲ್ಲ. ನಿಮ್ಮ ಕ್ಲಬ್ ಆ ಗೆರೆಯನ್ನು ಎಲ್ಲಿ ಎಳೆದಿದೆ ಅಂತ ನಿಯಮದಲ್ಲೇ ಹುಡುಕಿ.

ಬೇಡಿಕೆ ಇರುವ ವಾರ ಹಿಡಿಯಿರಿ

ಫ್ಲೋಟಿಂಗ್ ವೀಕ್, ಪಾಯಿಂಟ್ಸ್ ಇದ್ದವರಿಗೆ ಲಾಭ ನಷ್ಟ ಬಹುಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ. ಶಾಲೆಗಳಿಗೆ ರಜೆ ಇರುವ ವಾರ, ಹಿಮದ ಊರಾದರೆ ಹಿಮ ಬೀಳುವ ವಾರ, ಕಡಲ ತೀರವಾದರೆ ಬಿಸಿಲಿನ ವಾರ, ಹತ್ತಿರದಲ್ಲಿ ದೊಡ್ಡ ಪಂದ್ಯವೋ ಉತ್ಸವವೋ ನಡೆಯುವ ವಾರ, ಇವಕ್ಕೆ ತಾವಾಗಿಯೇ ಜನ ಬರುತ್ತಾರೆ. ಸುಮ್ನೆ ಸಿಕ್ಕಿದ ವಾರ ಬುಕ್ ಮಾಡಿ ಆಮೇಲೆ ಗಿರಾಕಿ ಹುಡುಕುವುದು ಬಹಳ ಕಷ್ಟ. ಬುಕಿಂಗ್ ತೆರೆಯುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು, ಆ ಬೆಳಿಗ್ಗೆಯೇ ಕೂತು ಬುಕ್ ಮಾಡಿ. ಹಲವು ಕಡೆ ಒಂದು ವರ್ಷ ಮುಂಚೆಯೇ ತೆರೆಯುತ್ತದೆ.

ನಿಮ್ಮದು ಲಾಕ್-ಆಫ್ ಆಗಿದ್ದರೆ, ಅಂದರೆ ನಡುವಿನ ಬಾಗಿಲು ಹಾಕಿ ಎರಡು ಭಾಗ ಮಾಡಬಹುದಾದ ಕೋಣೆಯಾದರೆ, ಎರಡನ್ನೂ ಬೇರೆ ಬೇರೆ ಕೊಡುವುದರಲ್ಲಿ ಜಾಸ್ತಿ ಸಿಗುತ್ತದಾ ನೋಡಿ. ಒಂದು ಭಾಗದಲ್ಲಿ ನೀವೇ ಇದ್ದು ಇನ್ನೊಂದನ್ನು ಬಾಡಿಗೆಗೆ ಕೊಡಬಹುದು. ಎರಡು ಸಲ ಹೆಸರು ಬದಲಾವಣೆ, ಇಬ್ಬರು ಅತಿಥಿಗಳು, ಕೆಲಸ ಎರಡರಷ್ಟು ಅನ್ನುವುದೂ ಲೆಕ್ಕದಲ್ಲಿರಲಿ.

ವಾರದ ನಂಬರ್ ವಿಷಯದಲ್ಲಿ ಹುಷಾರು. ಟೈಮ್‌ಶೇರ್ ಲೋಕದಲ್ಲಿ ವಾರಗಳಿಗೆ 1ರಿಂದ 52ರ ತನಕ ನಂಬರ್ ಇರುತ್ತದೆ. ಆದರೆ ಒಂದು ರೆಸಾರ್ಟ್‌ನಲ್ಲಿ ಶುಕ್ರವಾರ ಚೆಕ್-ಇನ್, ಇನ್ನೊಂದರಲ್ಲಿ ಶನಿವಾರ, ಮತ್ತೊಂದರಲ್ಲಿ ಭಾನುವಾರ. ಹಾಗಾಗಿ ಒಂದೇ ನಂಬರ್‌ಗೆ ತಾರೀಖು ಬೇರೆ ಬೇರೆ. ಐದಾರು ವರ್ಷಕ್ಕೊಮ್ಮೆ 53ನೇ ವಾರವೂ ಬರುತ್ತದೆ, ಅದರ ಮುಂದಿನ ವರ್ಷ ತಾರೀಖುಗಳೆಲ್ಲ ಸರಿಯುತ್ತವೆ. ಹೋದ ವರ್ಷದ ತಾರೀಖು ನೆನಪಿಟ್ಟುಕೊಂಡು ಜಾಹೀರಾತು ಹಾಕಿದರೆ ಒಂದು ವಾರ ಹೆಚ್ಚುಕಡಿಮೆ ಆಗಿಬಿಡಬಹುದು. ರೆಸಾರ್ಟ್ ಕಳಿಸಿದ ಕನ್ಫರ್ಮೇಶನ್ ಕೈಯಲ್ಲಿ ಹಿಡಿದು, ಅದರಲ್ಲಿರುವ ತಾರೀಖು ನೋಡಿಯೇ ಬರೆಯಿರಿ.

ಬೆಲೆ ಎಷ್ಟು ಇಡಬೇಕು

ಇಲ್ಲಿ ಬಹಳ ಜನ ಎಡವುತ್ತಾರೆ. ಟೈಮ್‌ಶೇರ್ ಕೊಳ್ಳಲು ಎಷ್ಟು ಕೊಟ್ಟಿದ್ದೆವು ಅನ್ನುವುದರಿಂದ ಲೆಕ್ಕ ಶುರು ಮಾಡುತ್ತಾರೆ. ಬಾಡಿಗೆಗೆ ಬರುವವರಿಗೆ ಅದು ಬೇಕಿಲ್ಲ. ನಿಮ್ಮ ಮೇಂಟೆನೆನ್ಸ್ ಎಷ್ಟು ಅನ್ನುವುದೂ ಅವರಿಗೆ ಬೇಕಿಲ್ಲ. ಅದೇ ವಾರಕ್ಕೆ ಅದೇ ಊರಿನಲ್ಲಿ ಬೇರೆ ಕಡೆ ಎಷ್ಟಕ್ಕೆ ಸಿಗುತ್ತದೆ, ಇಷ್ಟೇ ಅವರ ಲೆಕ್ಕ.

ಅದಕ್ಕೇ ಗಿರಾಕಿಯ ಕಣ್ಣಿನಿಂದ ನೋಡಿ. ಮೊದಲು ರೆಸಾರ್ಟ್‌ನ ಸ್ವಂತ ವೆಬ್‌ಸೈಟ್‌ನಲ್ಲಿ ನಿಮ್ಮದೇ ತಾರೀಖು, ನಿಮ್ಮದೇ ಅಳತೆಯ ಕೋಣೆ ಹಾಕಿ, ತೆರಿಗೆ ಸೇರಿಸಿ ಕೊನೆಗೆ ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ಮುಖಪುಟದಲ್ಲಿ ಕಾಣುವ ಬೆಲೆಯಲ್ಲಿ ಎಷ್ಟೋ ಸಲ ತೆರಿಗೆ, ರೆಸಾರ್ಟ್ ಫೀ ಸೇರಿರುವುದಿಲ್ಲ. ಆಮೇಲೆ ಹೋಟೆಲ್ ಬುಕಿಂಗ್ ಸೈಟ್‌ಗಳಲ್ಲಿ ನೋಡಿ. ಕೊನೆಗೆ ಬೇರೆ ಮಾಲೀಕರ ಜಾಹೀರಾತುಗಳನ್ನು ನೋಡಿ. ಅಲ್ಲಿ ಕಾಣುವುದು ಅವರು ಕೇಳುತ್ತಿರುವ ಬೆಲೆ, ಸಿಕ್ಕಿದ ಬೆಲೆ ಅಲ್ಲ. ಮೂರು ವಾರ ಬಿಟ್ಟು ಮತ್ತೆ ನೋಡಿ. ಹೋಗಿರುವ ಜಾಹೀರಾತುಗಳು ಯಾವ ಬೆಲೆಯಲ್ಲಿದ್ದವು, ಉಳಿದಿರುವುವು ಯಾವುವು ಅನ್ನುವುದರಲ್ಲಿ ನಿಜವಾದ ಬೆಲೆ ಗೊತ್ತಾಗುತ್ತದೆ.

ನಾನು ರೆಸಾರ್ಟ್‌ನ ಒಟ್ಟು ಬೆಲೆಗಿಂತ ನೂರಕ್ಕೆ 30ರಷ್ಟು ಕಡಿಮೆಯಿಂದ ಶುರು ಮಾಡುತ್ತೇನೆ. ಅಷ್ಟು ಯಾಕೆ ಬಿಡಬೇಕು ಅಂತ ಕೇಳಬಹುದು. ನಮ್ಮಿಂದ ತೆಗೆದುಕೊಳ್ಳುವವರು ಸಾಮಾನ್ಯವಾಗಿ ಬುಕಿಂಗ್ ರದ್ದು ಮಾಡುವ ಹಾಗಿಲ್ಲ. ದಿನಾ ಬಂದು ಹಾಸಿಗೆ ಸರಿಮಾಡುವವರು ಎಷ್ಟೋ ಕಡೆ ಇರುವುದಿಲ್ಲ. ಏಳು ರಾತ್ರಿಯೂ ತೆಗೆದುಕೊಳ್ಳಬೇಕು. ಎಲ್ಲಕ್ಕಿಂತ ಜಾಸ್ತಿ, ಗುರುತು ಪರಿಚಯ ಇಲ್ಲದವರಿಗೆ ದುಡ್ಡು ಕೊಡುತ್ತಿದ್ದಾರೆ. ಅವರು ತೆಗೆದುಕೊಳ್ಳುವ ಅಪಾಯಕ್ಕೆ ನಾವು ಕೊಡುವ ಬೆಲೆ ಅದು.

ಇನ್ನು ಕೆಳಗಿನ ಮಿತಿ. ಮೇಂಟೆನೆನ್ಸ್, ಹೆಸರು ಬದಲಾಯಿಸುವ ಶುಲ್ಕ, ಸೈಟ್‌ನ ಶುಲ್ಕ, ದುಡ್ಡು ವರ್ಗಾವಣೆಯ ಖರ್ಚು, ಇವನ್ನೆಲ್ಲ ಕೂಡಿಸಿ. ಅದಕ್ಕಿಂತ ಮೇಲೆ ಸಿಕ್ಕರೆ ಸಂತೋಷ. ಕೆಳಗೆ ಇಳಿದರೂ ಕೆಲವೊಮ್ಮೆ ಕೊಡಬೇಕಾಗುತ್ತದೆ. ವಾರ ಅನ್ನುವುದು ಹೂವಿನ ಹಾಗೆ, ಸಂಜೆಯ ಹೂವಿಗೆ ಬೆಳಗಿನ ಬೆಲೆ ಸಿಗುವುದಿಲ್ಲ. ಚೆಕ್-ಇನ್ ದಿನ ಕಳೆದ ಮೇಲೆ ಅದರ ಬೆಲೆ ಸೊನ್ನೆ. ಮೇಂಟೆನೆನ್ಸ್‌ನ ಮುಕ್ಕಾಲು ಭಾಗ ವಾಪಸ್ ಬಂದರೂ ಅದು ಸೊನ್ನೆಗಿಂತ ಎಷ್ಟೋ ಮೇಲು, ಅಲ್ವಾ?

ಯಾವಾಗ ಎಷ್ಟು ಇಳಿಸಬೇಕು ಅಂತ ಶುರುವಿನಲ್ಲೇ ಬರೆದಿಟ್ಟುಕೊಳ್ಳಿ. ನನ್ನ ಪದ್ಧತಿ ಹೀಗೆ: 6 ತಿಂಗಳು ಇರುವಾಗ ಒಂದು ಸಲ ಸ್ವಲ್ಪ, 3 ತಿಂಗಳು ಇರುವಾಗ ಇನ್ನೊಂದು ಸಲ, 6 ವಾರ ಇರುವಾಗ ಧಾರಾಳವಾಗಿ. ಬರೆದಿಟ್ಟರೆ ಮನಸ್ಸಿನ ಹೊಯ್ದಾಟ ಇರುವುದಿಲ್ಲ.

ಇದರ ಜೊತೆ ಇನ್ನೊಂದು ತಾರೀಖು ನೋಡಬೇಕು. ಬಾಡಿಗೆಗೆ ಹೋಗದಿದ್ದರೆ ವಿನಿಮಯಕ್ಕೆ ಜಮೆ ಮಾಡುವ ದಾರಿ ಇದೆ, ಆದರೆ ಅದೂ ತಡವಾದಷ್ಟು ಬೆಲೆ ಕಳೆದುಕೊಳ್ಳುತ್ತದೆ. ಆರ್‌ಸಿಐನಲ್ಲಿ ಚೆಕ್-ಇನ್‌ಗೆ 9 ತಿಂಗಳು ಮುಂಚೆ ಜಮೆ ಮಾಡಿದರೆ ವಾರಕ್ಕೆ ಪೂರ್ತಿ ಬೆಲೆ ಸಿಗುತ್ತದೆ, ಆಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. ಇಂಟರ್‌ವಲ್‌ನಲ್ಲಿ ಕೊನೆಯ 60 ದಿನದೊಳಗೆ ಜಮೆ ಮಾಡಿದರೆ ಬದಲಿಗೆ ಸಿಗುವ ವಾರಗಳ ಆಯ್ಕೆಗೆ ಬಿಗಿ ಮಿತಿ ಬೀಳುತ್ತದೆ. ಹಾಗಾಗಿ ಬೇಡಿಕೆ ಕಡಿಮೆ ಇರುವ ವಾರವಾದರೆ, 9 ತಿಂಗಳ ಗಡಿ ಬರುವ ಮುಂಚೆಯೇ ಬಾಡಿಗೆಯೋ ವಿನಿಮಯವೋ ಅಂತ ತೀರ್ಮಾನ ಮಾಡಿ. ಬೇಡಿಕೆ ಇರುವ ವಾರವಾದರೆ ಧೈರ್ಯವಾಗಿ ಕಾಯಬಹುದು.

ಯಾವ ಸೈಟ್

ಟೈಮ್‌ಶೇರ್‌ಗಾಗಿಯೇ ಇರುವ ಸೈಟ್‌ಗಳಲ್ಲಿ ರೆಡ್‌ವೀಕ್ ಹೆಚ್ಚು ಜನ ಬಳಸುವ ಹೆಸರು. ಸದಸ್ಯತ್ವಕ್ಕೆ ಒಂದು ಶುಲ್ಕ, ಜಾಹೀರಾತಿಗೆ ಇನ್ನೊಂದು. ನಿಮ್ಮ ಬುಕಿಂಗ್ ನಿಜವಾಗಿಯೂ ಇದೆ ಅಂತ ಪರಿಶೀಲಿಸಿ ಜಾಹೀರಾತಿಗೆ ಗುರುತು ಹಾಕುವ ವ್ಯವಸ್ಥೆ ಅಲ್ಲಿದೆ. ಅದಕ್ಕೆ ದುಡ್ಡು ಕೊಡುವುದು ಸಾರ್ಥಕ ಅಂತ ನನ್ನ ಅಭಿಪ್ರಾಯ. ಪುಸ್ತಕದಲ್ಲಿ ಆ ಸಾಲು ಇದೆ ಅಂತ ಮೂರನೆಯವರೊಬ್ಬರು ಹೇಳಿದರೆ, ನೀವು ಹತ್ತು ಸಲ ಹೇಳುವುದಕ್ಕಿಂತ ತೂಕ ಜಾಸ್ತಿ. 1993ರಲ್ಲಿ ಮಾಲೀಕರೇ ಸೇರಿ ಬೆಳೆಸಿದ ಟೈಮ್‌ಶೇರ್ ಯೂಸರ್ಸ್ ಗ್ರೂಪ್, ಚಿಕ್ಕದಾಗಿ ಟಗ್, ಇನ್ನೊಂದು ಒಳ್ಳೆಯ ಜಾಗ. ಅಲ್ಲಿ ಬರುವವರಿಗೆ ಟೈಮ್‌ಶೇರ್ ಅಂದರೆ ಏನು ಅಂತ ವಿವರಿಸುವ ಅಗತ್ಯ ಇಲ್ಲ. ಅವರಿಗೆ ಬೆಲೆಯೂ ಚೆನ್ನಾಗಿ ಗೊತ್ತು, ಆದ್ದರಿಂದ ಜಾಸ್ತಿ ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ.

ಏರ್‌ಬಿಎನ್‌ಬಿ, ವರ್ಬೊ ತರಹದ ಸೈಟ್‌ಗಳಲ್ಲಿ ಜನ ಬಹಳ. ದುಡ್ಡನ್ನು ಸೈಟೇ ವಸೂಲಿ ಮಾಡಿಕೊಡುತ್ತದೆ, ಬದಲಿಗೆ ಕಮಿಷನ್ ತೆಗೆದುಕೊಳ್ಳುತ್ತದೆ. ತೊಂದರೆ ಏನೆಂದರೆ ಅವು ವರ್ಷವಿಡೀ ಬಾಡಿಗೆಗಿರುವ ಮನೆಗಳಿಗೆ ಮಾಡಿದ ವ್ಯವಸ್ಥೆ. ನಿಮ್ಮ ಹತ್ತಿರ ಇರುವುದು ಒಂದೇ ವಾರ. ಉಳಿದ 51 ವಾರವನ್ನೂ ಕ್ಯಾಲೆಂಡರ್‌ನಲ್ಲಿ ಮುಚ್ಚಬೇಕು. ಒಂದು ದಿನ ತೆರೆದು ಬಿಟ್ಟರೂ ನಿಮ್ಮ ಹತ್ತಿರ ಇಲ್ಲದ ರಾತ್ರಿಯನ್ನು ಯಾರೋ ಬುಕ್ ಮಾಡಿಬಿಡುತ್ತಾರೆ. ಇಂಥ ಸೈಟ್‌ಗಳಲ್ಲಿ ಜಾಹೀರಾತು ಹಾಕುವುದನ್ನು ಕೆಲವು ರೆಸಾರ್ಟ್‌ಗಳು ನಿಯಮದಲ್ಲೇ ತಡೆದಿರುತ್ತವೆ. ಮೊದಲು ಅದನ್ನು ನೋಡಿ.

ಎರಡು ಕಡೆ ಜಾಹೀರಾತು ಹಾಕಬಹುದು. ಒಂದು ಕಡೆ ಮಾತು ಪಕ್ಕಾ ಆದ ಗಳಿಗೆಯಲ್ಲೇ ಇನ್ನೊಂದನ್ನು ತೆಗೆಯಿರಿ. ನಾಳೆ ತೆಗೆದರಾಯಿತು ಅನ್ನಬೇಡಿ.

ಜಾಹೀರಾತು ಬರೆಯುವುದು

ಟೈಮ್‌ಶೇರ್ ಭಾಷೆಯನ್ನು ಬಿಟ್ಟುಬಿಡಿ. ಆರ್‌ಸಿಐನವರು ಸೀಸನ್‌ಗಳಿಗೆ ಕೆಂಪು, ಬಿಳಿ, ನೀಲಿ ಅಂತ ಹೆಸರಿಟ್ಟರು. ಇಂಟರ್‌ವಲ್‌ನವರದು ಕೆಂಪು, ಹಳದಿ, ಹಸಿರು. ರಜೆಗೆ ಜಾಗ ಹುಡುಕುತ್ತಿರುವ ಒಬ್ಬ ತಾಯಿಗೆ "ರೆಡ್ ವೀಕ್, ವೀಕ್ 26" ಅಂದರೆ ಏನು ತಿಳಿಯಬೇಕು? ಅವರಿಗೆ ಬೇಕಾದ್ದು ತಾರೀಖು, ವಾರದ ದಿನ, ಎಷ್ಟು ಜನ ಮಲಗಬಹುದು, ಅಡುಗೆ ಮಾಡಿಕೊಳ್ಳಬಹುದಾ, ಒಟ್ಟು ಎಷ್ಟು ದುಡ್ಡು.

ಎಷ್ಟು ಜನ ಮಲಗಬಹುದು ಅನ್ನುವುದನ್ನು ಬಿಡಿಸಿ ಹೇಳಿ. ಎರಡು ಬೆಡ್‌ರೂಮ್ ಕೋಣೆಗೆ 8 ಜನ ಅಂತ ರೆಸಾರ್ಟ್ ಬರೆದಿರುತ್ತದೆ, ಆದರೆ ಅದರಲ್ಲಿ ಇಬ್ಬರು ಹಾಲ್‌ನಲ್ಲಿ ಸೋಫಾ ಬೆಡ್ ಮೇಲೆ ಮಲಗಬೇಕು. ವಯಸ್ಸಾದವರನ್ನು ಕರೆದುಕೊಂಡು ಬರುವವರಿಗೆ ಇದು ಬಹಳ ಮುಖ್ಯ. ಅಡುಗೆಮನೆಯ ವಿಷಯವೂ ಹಾಗೇ. ಪೂರ್ತಿ ಒಲೆ ಇದೆಯೋ, ಬರೀ ಮೈಕ್ರೋವೇವ್ ಮತ್ತು ಚಿಕ್ಕ ಫ್ರಿಜ್ ಇದೆಯೋ, ಸ್ಪಷ್ಟವಾಗಿ ಬರೆಯಿರಿ.

ಒಂದು ಮಾದರಿ ಕೊಡುತ್ತೇನೆ. ಬೇಕಾದ ಹಾಗೆ ಬದಲಾಯಿಸಿಕೊಳ್ಳಿ:

"ಶನಿವಾರ ಸಂಜೆ 4ಕ್ಕೆ ಚೆಕ್-ಇನ್, ಮುಂದಿನ ಶನಿವಾರ ಬೆಳಿಗ್ಗೆ 10ಕ್ಕೆ ಚೆಕ್-ಔಟ್, 7 ರಾತ್ರಿ. ಎರಡು ಬೆಡ್‌ರೂಮ್, ಎರಡು ಬಾತ್‌ರೂಮ್. ಒಂದು ರೂಮಿನಲ್ಲಿ ದೊಡ್ಡ ಮಂಚ, ಇನ್ನೊಂದರಲ್ಲಿ ಎರಡು ಚಿಕ್ಕ ಮಂಚ, ಹಾಲ್‌ನಲ್ಲಿ ಸೋಫಾ ಬೆಡ್. ನಾಲ್ಕು ಜನರಿಗೆ ಆರಾಮ, ಆರು ಜನರ ತನಕ ಇರಬಹುದು. ಪೂರ್ತಿ ಅಡುಗೆಮನೆ, ಒಳಗೇ ವಾಷಿಂಗ್ ಮಷಿನ್. ಎರಡನೇ ಮಹಡಿ, ಲಿಫ್ಟ್ ಇಲ್ಲ. ಬಾಲ್ಕನಿಯಿಂದ ಕಾಣುವುದು ತೋಟ, ಸಮುದ್ರ ಅಲ್ಲ. ನಡೆದು ಹೋದರೆ ಸಮುದ್ರಕ್ಕೆ 8 ನಿಮಿಷ. ಹೇಳಿದ ಬೆಲೆಯಲ್ಲಿ ಹೆಸರು ಬದಲಾಯಿಸುವ ಶುಲ್ಕ ಸೇರಿದೆ. ಪಾರ್ಕಿಂಗ್ ಶುಲ್ಕವನ್ನು ರೆಸಾರ್ಟ್‌ನಲ್ಲಿ ನೀವೇ ಕೊಡಬೇಕು. ಬುಕಿಂಗ್ ಈಗಾಗಲೇ ಆಗಿದೆ. ಕರಾರಿಗೆ ಸಹಿ ಆದ ಮೇಲೆ ನಿಮ್ಮ ಹೆಸರಿನಲ್ಲಿ ಕನ್ಫರ್ಮೇಶನ್ ಕೊಡಿಸುತ್ತೇನೆ."

ಲಿಫ್ಟ್ ಇಲ್ಲ, ಸಮುದ್ರ ಕಾಣುವುದಿಲ್ಲ ಅಂತ ಬರೆದರೆ ಗಿರಾಕಿ ಓಡಿಹೋಗುತ್ತಾರೆ ಅನ್ನಿಸಬಹುದು. ನನ್ನ ಅನುಭವ ಬೇರೆ. ಕುಂದನ್ನು ಮೊದಲೇ ಹೇಳಿದವರ ಉಳಿದ ಮಾತನ್ನೂ ಜನ ನಂಬುತ್ತಾರೆ. ಮೊಣಕಾಲು ನೋವಿನ ತಂದೆಯನ್ನು ಕರೆದುಕೊಂಡು ಬರುವವರು ಎರಡನೇ ಮಹಡಿಯ ಕೋಣೆಗೆ ದುಡ್ಡು ಕಟ್ಟಿ, ಬಂದ ಮೇಲೆ ಸಂಕಟಪಡುವುದು ತಪ್ಪುತ್ತದೆ.

ಫೋಟೋ ನೀವೇ ತೆಗೆದದ್ದು ಇರಲಿ. ರೆಸಾರ್ಟ್‌ನ ಜಾಹೀರಾತು ಚಿತ್ರಗಳ ಮೇಲೆ ಅವರಿಗೆ ಹಕ್ಕು ಇರುತ್ತದೆ, ಮೋಸಗಾರರು ಬಳಸುವುದೂ ಅವನ್ನೇ. ಮುಂದಿನ ಸಲ ನೀವು ಹೋದಾಗ, ಸೂಟ್‌ಕೇಸು ಬಿಚ್ಚುವ ಮೊದಲು ಹಗಲು ಬೆಳಕಿನಲ್ಲಿ ಹತ್ತು ಫೋಟೋ ತೆಗೆದಿಟ್ಟುಕೊಳ್ಳಿ. ಕನ್ಫರ್ಮೇಶನ್ ಪತ್ರದ ಫೋಟೋ ಮಾತ್ರ ಎಂದೂ ಹಾಕಬೇಡಿ. ಆ ನಂಬರ್ ಸಿಕ್ಕರೆ ಯಾರಾದರೂ ನಿಮ್ಮ ಹೆಸರು ಹೇಳಿ ಬುಕಿಂಗ್ ಜೊತೆ ಆಟವಾಡಬಹುದು, ನಿಮ್ಮದೇ ವಾರವನ್ನು ಇನ್ನೊಬ್ಬರಿಗೆ ಮಾರಬಹುದು.

ವಿಚಾರಿಸುವವರು, ವಂಚಿಸುವವರು

ಮೆಸೇಜ್ ಬಂದರೆ ಅದೇ ದಿನ ಉತ್ತರಿಸಿ. ರಜೆಗೆ ಜಾಗ ನೋಡುವವರು ನಾಲ್ಕು ಕಡೆ ಕೇಳಿರುತ್ತಾರೆ, ಮೊದಲು ಉತ್ತರ ಕೊಟ್ಟವರ ಜೊತೆ ಮಾತು ಮುಂದುವರಿಯುತ್ತದೆ. ಎಷ್ಟು ಜನ, ಮಕ್ಕಳ ವಯಸ್ಸು, ಚೆಕ್-ಇನ್ ಮಾಡುವವರು ಯಾರು ಅಂತ ನೀವೂ ಕೇಳಿ. ಸಾಧ್ಯವಾದರೆ ಒಮ್ಮೆ ಫೋನ್‌ನಲ್ಲಿ ಮಾತಾಡಿ. ಐದು ನಿಮಿಷದ ಮಾತಿನಲ್ಲಿ ಎರಡೂ ಕಡೆಯ ಅನುಮಾನ ಎಷ್ಟೋ ಕರಗುತ್ತದೆ.

ಮೋಸದ ಮೆಸೇಜ್‌ಗಳಿಗೆ ಒಂದು ಚಹರೆ ಇರುತ್ತದೆ. ಕೋಣೆಯ ಬಗ್ಗೆ ಒಂದೂ ಪ್ರಶ್ನೆ ಇರುವುದಿಲ್ಲ. ಚೌಕಾಸಿ ಇಲ್ಲ. ಈಗಲೇ ಚೆಕ್ ಕಳಿಸುತ್ತೇನೆ ಅನ್ನುತ್ತಾರೆ. ಬರುವ ಚೆಕ್ಕಿನಲ್ಲಿ ನೀವು ಕೇಳಿದ್ದಕ್ಕಿಂತ ಜಾಸ್ತಿ ಮೊತ್ತ ಇರುತ್ತದೆ. ತಪ್ಪಾಗಿದೆ, ಉಳಿದದ್ದನ್ನು ವಾಪಸ್ ಕಳಿಸಿ ಅನ್ನುತ್ತಾರೆ. ನೀವು ಕಳಿಸುತ್ತೀರಿ. ಕೆಲವು ದಿನಗಳ ನಂತರ ಆ ಚೆಕ್ ನಕಲಿ ಅಂತ ಬ್ಯಾಂಕ್ ವಾಪಸ್ ಮಾಡುತ್ತದೆ. ಅಷ್ಟರಲ್ಲಿ ನೀವು ಕಳಿಸಿದ ದುಡ್ಡು ಹೋಗಿರುತ್ತದೆ. ಖಾತೆಯಲ್ಲಿ ಮೊತ್ತ ಕಂಡ ಮಾತ್ರಕ್ಕೆ ಚೆಕ್ ಪಾಸಾಯಿತು ಅಂತಲ್ಲ. ಹೆಚ್ಚುವರಿ ದುಡ್ಡಿನ ಮಾತು ಬಂದ ಕೂಡಲೇ ಆ ವ್ಯವಹಾರ ಅಲ್ಲಿಗೇ ಬಿಡಿ.

ಇನ್ನೊಂದು ಬಗೆಯ ಮೋಸ ಮಾಲೀಕರನ್ನೇ ಹುಡುಕಿಕೊಂಡು ಬರುತ್ತದೆ. ನನಗೂ ಅಂಥ ಫೋನ್ ಬಂದಿತ್ತು. "ನಿಮ್ಮ ವಾರಕ್ಕೆ ಗಿರಾಕಿ ರೆಡಿ ಇದ್ದಾರೆ, ನೀವು ಹೇಳಿದ ಬೆಲೆಯ ಎರಡರಷ್ಟು ಕೊಡುತ್ತಾರೆ, ಕಾಗದಪತ್ರದ ಶುಲ್ಕ ಮಾತ್ರ ಮೊದಲು ಕಟ್ಟಿ." ದನಿ ಎಷ್ಟು ನಯವಾಗಿತ್ತೆಂದರೆ ನಾನು ಕಾರ್ಡ್ ಕೈಗೆ ತೆಗೆದುಕೊಂಡಿದ್ದೆ. ಗಿರಾಕಿ ಕೊಡುವ ದುಡ್ಡಿನಲ್ಲೇ ನಿಮ್ಮ ಶುಲ್ಕ ಹಿಡಿದುಕೊಳ್ಳಿ ಅಂದೆ. ಫೋನ್ ಕಟ್ಟಾಯಿತು. ಆ ಒಂದು ಮಾತನ್ನು ನೀವೂ ನೆನಪಿಡಿ. ಇಂಥ ಜಾಲಗಳು ಚಿಕ್ಕವಲ್ಲ. ಮೆಕ್ಸಿಕೋದ ಹಲಿಸ್ಕೊ ಕಾರ್ಟೆಲ್ ಎಂಬ ಮಾದಕವಸ್ತು ಗ್ಯಾಂಗ್‌ಗೆ ನಂಟಿರುವ ಟೈಮ್‌ಶೇರ್ ವಂಚನೆಯ ಕಂಪನಿಗಳ ಮೇಲೆ ಅಮೆರಿಕದ ಖಜಾನೆ ಇಲಾಖೆ 2023 ಮತ್ತು 2024ರಲ್ಲಿ ನಿರ್ಬಂಧ ಹೇರಿತು. ಅವರ ಬಲೆಗೆ ಬಿದ್ದವರಲ್ಲಿ ವಯಸ್ಸಾದ ಮಾಲೀಕರು ಬಹಳ. ನಿಮ್ಮ ತಂದೆ ತಾಯಿ ಹೆಸರಿನಲ್ಲಿ ಟೈಮ್‌ಶೇರ್ ಇದ್ದರೆ, ಇವತ್ತೇ ಅವರಿಗೆ ಈ ವಿಷಯ ಹೇಳಿ.

ಕರಾರು, ದುಡ್ಡು, ಹೆಸರು: ಈ ಮೂರರ ಸರದಿ

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಅನ್ನುವ ಗಾದೆ ಇದೆಯಲ್ಲ, ಆ ಭಯ ಇಲ್ಲಿ ಎರಡೂ ಕಡೆ ಇರುತ್ತದೆ. ದುಡ್ಡು ಕೊಟ್ಟ ಮೇಲೆ ಕೋಣೆ ಇಲ್ಲದಿದ್ದರೆ ಅಂತ ಅವರಿಗೆ. ಹೆಸರು ಬದಲಾಯಿಸಿದ ಮೇಲೆ ದುಡ್ಡು ಬರದಿದ್ದರೆ ಅಂತ ನಮಗೆ. ಎರಡೂ ನ್ಯಾಯವಾದ ಭಯವೇ. ಆದ್ದರಿಂದ ಸರದಿ ಮುಖ್ಯ.

ನಾನು ಮಾಡುವುದು ಹೀಗೆ. ಮೊದಲು ಒಂದು ಪುಟದ ಕರಾರು ಕಳಿಸಿ ಇಬ್ಬರೂ ಸಹಿ ಮಾಡುತ್ತೇವೆ. ಆಮೇಲೆ ಅವರು ಅರ್ಧ ಅಡ್ವಾನ್ಸ್ ಕೊಡುತ್ತಾರೆ. ದುಡ್ಡು ಖಾತೆಗೆ ಪಕ್ಕಾ ಬಂದ ಮೇಲೆ ನಾನು ಅವರ ಹೆಸರನ್ನು ಬುಕಿಂಗ್‌ಗೆ ಸೇರಿಸಿ, ರೆಸಾರ್ಟ್‌ನಿಂದ ಬಂದ ಕನ್ಫರ್ಮೇಶನ್ ಕಳಿಸುತ್ತೇನೆ. ಅದು ನಿಜವೇ ಅಂತ ಅವರು ರೆಸಾರ್ಟ್‌ಗೇ ಫೋನ್ ಮಾಡಿ ಕೇಳಿಕೊಳ್ಳುತ್ತಾರೆ. ಎಷ್ಟೋ ರೆಸಾರ್ಟ್‌ಗಳು ಮಾಲೀಕರ ಜೊತೆ ಬಿಟ್ಟು ಬೇರೆಯವರ ಜೊತೆ ಮಾತಾಡುವುದಿಲ್ಲ. ಆಗ ಮೂವರೂ ಒಟ್ಟಿಗೆ ಇರುವ ಕಾನ್ಫರೆನ್ಸ್ ಕಾಲ್ ಮಾಡುತ್ತೇನೆ. ರೆಸಾರ್ಟ್‌ನ ನಂಬರನ್ನು ಅವರೇ ಹುಡುಕಿ ಡಯಲ್ ಮಾಡಲಿ ಅನ್ನುತ್ತೇನೆ, ನಾನು ಕೊಟ್ಟ ನಂಬರ್ ಬೇಡ. ಉಳಿದ ಅರ್ಧ ಚೆಕ್-ಇನ್‌ಗೆ 60 ದಿನ ಮುಂಚೆ. ಅದು ಬರದಿದ್ದರೆ ಹೆಸರು ವಾಪಸ್ ತೆಗೆಯುವ ಹಕ್ಕು ನನಗಿದೆ ಅಂತ ಕರಾರಿನಲ್ಲೇ ಇರುತ್ತದೆ. ಕೆಲವು ಸೈಟ್‌ಗಳು ದುಡ್ಡನ್ನು ಮಧ್ಯದಲ್ಲಿ ಹಿಡಿದಿಟ್ಟು, ಅತಿಥಿ ಒಳಗೆ ಹೋದ ಮೇಲೆ ನಿಮಗೆ ಕೊಡುತ್ತವೆ. ಮೊದಲ ಸಲ ಬಾಡಿಗೆಗೆ ಕೊಡುವವರಿಗೆ ಅದು ಒಳ್ಳೆಯದು, ಶುಲ್ಕ ಸ್ವಲ್ಪ ಜಾಸ್ತಿಯಾದರೂ ಸರಿ.

ಕರಾರಿನಲ್ಲಿ ತಾರೀಖು, ಕೋಣೆ, ಜನರ ಸಂಖ್ಯೆ, ಮೊತ್ತ, ಕಂತುಗಳು ಇರಬೇಕು ಅನ್ನುವುದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದೇ ಉಳಿಯುವುದು ಆಗಬಾರದ್ದು ಆದಾಗ ಏನು ಅನ್ನುವುದು. ಅತಿಥಿಗೆ ಬರಲು ಆಗದಿದ್ದರೆ? ನನ್ನ ಕರಾರಿನಲ್ಲಿ ದುಡ್ಡು ವಾಪಸ್ ಇಲ್ಲ, ಆದರೆ ಬದಲಿಗೆ ಬೇರೆಯವರನ್ನು ಕಳಿಸಬಹುದು, ಹೆಸರು ಮತ್ತೆ ಬದಲಾಯಿಸುವ ಶುಲ್ಕ ಅವರದು. ಪ್ರವಾಸ ವಿಮೆ ಮಾಡಿಸಿಕೊಳ್ಳಿ ಅಂತಲೂ ಹೇಳುತ್ತೇನೆ. ಬಿರುಗಾಳಿಯೋ ಬೆಂಕಿಯೋ ಬಂದು ರೆಸಾರ್ಟೇ ಮುಚ್ಚಿದರೆ? ಪೂರ್ತಿ ದುಡ್ಡು ವಾಪಸ್. ಕೋಣೆ ಇಲ್ಲದೆ ಅವರ ದುಡ್ಡು ಇಟ್ಟುಕೊಳ್ಳಲು ನನಗೆ ಮನಸ್ಸಿಲ್ಲ. ಸಾಮಾನು ಒಡೆದರೆ? ಅತಿಥಿಯ ಜವಾಬ್ದಾರಿ ಅಂತ ಬರೆದಿರುತ್ತದೆ. ಆದರೂ ಅವರಿಂದ ವಸೂಲಾಗದಿದ್ದರೆ ರೆಸಾರ್ಟ್ ಬರುವುದು ಮಾಲೀಕರ ಹತ್ತಿರವೇ, ಇದು ನಿಮಗೆ ತಿಳಿದಿರಲಿ.

ದುಡ್ಡಿನ ದಾರಿ ಬಗ್ಗೆ ಸ್ವಲ್ಪ. ಕಾರ್ಡ್ ಅಥವಾ ಪೇಪಾಲ್‌ನಲ್ಲಿ ಬಂದ ದುಡ್ಡನ್ನು ಕೊಟ್ಟವರು ತಕರಾರು ಎತ್ತಿ ವಾಪಸ್ ಪಡೆಯುವ ಅವಕಾಶ ಇರುತ್ತದೆ. ಆಗ ನಿಮ್ಮನ್ನು ಕಾಯುವುದು ಸಹಿ ಮಾಡಿದ ಕರಾರು ಮತ್ತು ಅವರ ಹೆಸರಿನ ಕನ್ಫರ್ಮೇಶನ್. ಪೇಪಾಲ್‌ನ "ಫ್ರೆಂಡ್ಸ್ ಅಂಡ್ ಫ್ಯಾಮಿಲಿ" ದಾರಿಯಲ್ಲಿ ಕಳಿಸಿ ಅಂತ ಕೇಳಬೇಡಿ. ಅದರಲ್ಲಿ ಕೊಟ್ಟವರಿಗೆ ಯಾವ ರಕ್ಷಣೆಯೂ ಇಲ್ಲ, ತಿಳಿದವರು ಅಷ್ಟಕ್ಕೇ ನಿಮ್ಮನ್ನು ಅನುಮಾನಿಸುತ್ತಾರೆ.

ಅತಿಥಿ ಹೊರಡುವ ಮುಂಚೆ

ಹೆಸರು ಬದಲಾಯಿಸುವುದಕ್ಕೆ ಕೆಲವು ಕಡೆ ಗೆಸ್ಟ್ ಸರ್ಟಿಫಿಕೇಟ್ ಅನ್ನುತ್ತಾರೆ, ಕೆಲವು ಕಡೆ ಒಂದು ಫೋನ್ ಸಾಕು. ಯಾವುದೇ ಇರಲಿ, ಅತಿಥಿಯ ಗುರುತಿನ ಚೀಟಿಯಲ್ಲಿ ಹೆಸರು ಹೇಗಿದೆಯೋ ಬುಕಿಂಗ್‌ನಲ್ಲೂ ಅಕ್ಷರ ಅಕ್ಷರ ಹಾಗೇ ಇರಬೇಕು. ಕರೆಯುವ ಹೆಸರು ಬೇಡ. ಚೆಕ್-ಇನ್‌ಗೆ ಒಂದು ವಾರ ಇರುವಾಗ ನೀವೇ ರೆಸಾರ್ಟ್‌ಗೆ ಫೋನ್ ಮಾಡಿ, ಪುಸ್ತಕದಲ್ಲಿರುವ ಹೆಸರನ್ನು ಓದಿ ಹೇಳಿ ಅನ್ನಿ. ಕಂಪ್ಯೂಟರ್ ವ್ಯವಸ್ಥೆ ಬದಲಾಗಿ ಅತಿಥಿಯ ಹೆಸರು ಬಿದ್ದುಹೋಗಿದ್ದನ್ನು ಈ ಒಂದು ಫೋನ್‌ನಿಂದಲೇ ನಾನು ಒಮ್ಮೆ ಹಿಡಿದೆ.

ಅತಿಥಿಗೆ ಒಂದು ಪುಟದ ಪತ್ರ ಕಳಿಸಿ. ಚೆಕ್-ಇನ್ ಸಮಯ, ಗುರುತಿನ ಚೀಟಿ ಬೇಕು, ರೆಸಾರ್ಟ್ ಠೇವಣಿಗೆ ಅವರ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತದೆ, ತಡವಾಗಿ ಬಂದರೆ ಯಾರಿಗೆ ಫೋನ್ ಮಾಡಬೇಕು. ಜೊತೆಗೆ ಒಂದು ಎಚ್ಚರಿಕೆ ಸೇರಿಸಿ. ಬಹಳ ರೆಸಾರ್ಟ್‌ಗಳಲ್ಲಿ ಬೀಗದ ಕೈ ಕೊಟ್ಟ ಮೇಲೆ ಪಕ್ಕದ ಮೇಜಿಗೆ ಕಳಿಸುತ್ತಾರೆ. ಅಲ್ಲಿ ಉಡುಗೊರೆ ಕೊಡುತ್ತೇವೆ, ಒಂದೂವರೆ ಗಂಟೆಯ ಪ್ರೆಸೆಂಟೇಶನ್‌ಗೆ ಬನ್ನಿ ಅಂತ ಕರೆಯುತ್ತಾರೆ. ಅದು ಟೈಮ್‌ಶೇರ್ ಮಾರುವ ಸಭೆ. ಹೋಗಲೇಬೇಕು ಅಂತಿಲ್ಲ, ಬೇಡ ಅಂದರೆ ಕೋಣೆಗೆ ಏನೂ ಆಗುವುದಿಲ್ಲ. ಇದು ಗೊತ್ತಿಲ್ಲದ ಅತಿಥಿಗಳು ಮೊದಲ ಬೆಳಿಗ್ಗೆಯನ್ನೇ ಕಳೆದುಕೊಳ್ಳುತ್ತಾರೆ.

ಚೆಕ್-ಇನ್ ದಿನ ಸಂಜೆ ನಿಮ್ಮ ಫೋನ್ ಹತ್ತಿರವೇ ಇರಲಿ. ರಿಸೆಪ್ಷನ್‌ನಲ್ಲಿ ಏನಾದರೂ ತೊಡಕಾದರೆ ಬಿಡಿಸುವ ಅಧಿಕಾರ ಇರುವುದು ನಿಮಗೆ ಮಾತ್ರ. ಅವರು ಒಳಗೆ ಸೇರಿದ ಮೇಲೆ ಅವರ ಪಾಡಿಗೆ ಅವರನ್ನು ಬಿಡಿ.

ಬಂದ ಬಾಡಿಗೆ ಹೆಚ್ಚಿನ ದೇಶಗಳಲ್ಲಿ ಆದಾಯವೇ. ಮೇಂಟೆನೆನ್ಸ್ ರಸೀದಿ, ಸೈಟ್ ಶುಲ್ಕ, ಹೆಸರು ಬದಲಾವಣೆಯ ಶುಲ್ಕ, ಎಲ್ಲವನ್ನೂ ಒಂದು ಫೋಲ್ಡರ್‌ನಲ್ಲಿ ಇಡಿ. ಕೆಲವು ಊರುಗಳಲ್ಲಿ ಕಡಿಮೆ ದಿನದ ಬಾಡಿಗೆಗೆ ವಸತಿ ತೆರಿಗೆಯೂ ಇದೆ. ಲೆಕ್ಕ ನೋಡುವವರನ್ನು ವರ್ಷದ ಕೊನೆಯಲ್ಲಿ ಕೇಳುವುದಕ್ಕಿಂತ ಜಾಹೀರಾತು ಹಾಕುವ ಮುಂಚೆ ಕೇಳಿದರೆ ಅದನ್ನೂ ಬೆಲೆಯಲ್ಲಿ ಸೇರಿಸಿಕೊಳ್ಳಬಹುದು.

ಅತಿಥಿ ವಾಪಸ್ ಹೋದ ಎರಡು ಮೂರು ದಿನಕ್ಕೆ ಒಂದು ಮೆಸೇಜ್ ಮಾಡಿ. ಎಲ್ಲ ಸರಿಯಿತ್ತಾ, ಯಾವುದಾದರೂ ಕೆಟ್ಟಿತ್ತಾ ಅಂತ ಕೇಳಿ. ಅವರು ಹೇಳಿದ್ದನ್ನು ಮುಂದಿನ ಜಾಹೀರಾತಿನಲ್ಲಿ ತಿದ್ದಿ. ಮುಂದಿನ ವರ್ಷದ ಬುಕಿಂಗ್ ಆದ ದಿನ, ಸೈಟ್‌ಗೆ ಹಾಕುವ ಮುಂಚೆ, ಅವರಿಗೇ ಮೊದಲು ತಾರೀಖು ಕಳಿಸಿ. ನನ್ನ ವಾರಕ್ಕೆ ಒಂದು ಕುಟುಂಬ ಈಗ ನಾಲ್ಕನೇ ಸಲ ಬರುತ್ತಿದೆ. ಈ ವರ್ಷ ನಾನು ಜಾಹೀರಾತೇ ಹಾಕಲಿಲ್ಲ. ರೆಸಾರ್ಟ್‌ಗೆ ಫೋನ್ ಮಾಡಿ ಹೆಸರು ಹೇಳಲು ಹೊರಟರೆ, "ಹೋದ ಸಲದ್ದೇ ಹೆಸರಾ?" ಅಂತ ಅವರೇ ಕೇಳಿದರು.